ಕಂಕುಳಿನ ಗಂಟು ಏನನ್ನು ಹೇಳುತ್ತದೆ?

ಸ್ನಾನ ಮಾಡುವಾಗಲೋ ಅಂಗಿ ತೊಡುವಾಗಲೋ ಕಂಕುಳಿನಲ್ಲಿ ಅವರೆಕಾಳಿನಷ್ಟು ಅಥವಾ ನೆಲ್ಲಿಕಾಯಿಯಷ್ಟು ದಪ್ಪನೆಯ ಗಂಟೊಂದು ಬೆರಳಿಗೆ ತಗುಲಿತೆಂದರೆ ಮನುಷ್ಯನ ಮನಸ್ಸು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ. ಕೆಲವರು ಆ ಕ್ಷಣದಲ್ಲಿಯೇ ಅದನ್ನು ಕ್ಯಾನ್ಸರೆಂದು ನಿರ್ಧರಿಸಿ ನಿದ್ದೆಗೆಡುತ್ತಾರೆ. ಮತ್ತೆ ಕೆಲವರು, ಅವರಲ್ಲಿಯೂ ತರುಣಿಯರು, ಶರೀರದ ಆ ಭಾಗದ ಮಾತನ್ನೆತ್ತುವುದೇ ಸಂಕೋಚವೆಂದು ಹೆತ್ತ ತಾಯಿಗೂ ಹೇಳದೆ ತಿಂಗಳುಗಟ್ಟಲೆ ಮುಚ್ಚಿಟ್ಟುಕೊಳ್ಳುತ್ತಾರೆ. ಈ ಎರಡು ದಾರಿಗಳೂ ಸರಿಯಲ್ಲ. ಗಂಟು ಎಂಬುದು ಒಂದು ರೋಗದ ಹೆಸರಲ್ಲ, ಒಂದು ಸೂಚನೆ. ಆ ಸೂಚನೆ ಎಲ್ಲಿಂದ ಹೊರಟಿತು, ಯಾವ ಮಾರ್ಗವಾಗಿ ಕಂಕುಳನ್ನು ತಲುಪಿತು ಎಂಬುದನ್ನು ತಿಳಿದವನು ಅಂಜಬೇಕಿಲ್ಲದ ಕಡೆ ನೆಮ್ಮದಿಯಾಗಿರಬಲ್ಲನು. ಎಚ್ಚರವಾಗಬೇಕಾದ ಕಡೆ ಕಾಲಹರಣ ಮಾಡದೆ ವೈದ್ಯರ ಬಳಿಗೆ ಹೋಗಬಲ್ಲನು.

ವೈದ್ಯರಲ್ಲದ ನಾವು ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ನಾವು ಕಾಲೇಜಿನಲ್ಲಿ ಬೋಧಿಸುವುದು ಭೌತವಿಜ್ಞಾನವನ್ನು. ದ್ರವದ ಒತ್ತಡ, ಅದರ ಹರಿವು, ಕವಾಟ, ಶೋಧಕ ಮುಂತಾಗಿ ನಮ್ಮ ವಿದ್ಯಾರ್ಥಿಗಳು ಪಾಠದಲ್ಲಿ ಓದುವ ಸಂಗತಿಗಳೇ ಈ ಗಂಟಿನ ಕಥೆಯಲ್ಲಿಯೂ ಬರುತ್ತವೆ. ಆದುದರಿಂದ ಮೊದಲು ನೀರಿನ ಲೆಕ್ಕದಿಂದಲೇ ಪ್ರಾರಂಭಿಸೋಣ.

ರಕ್ತದಿಂದ ಸೋರಿದ ನೀರು

ಹೃದಯವು ರಕ್ತವನ್ನು ಒತ್ತಡದಿಂದ ನೂಕುತ್ತದೆಯೆಂಬುದು ಎಲ್ಲರಿಗೂ ತಿಳಿದ ಮಾತು. ಧಮನಿಗಳು ಕವಲೊಡೆದು ಕವಲೊಡೆದು ಕೊನೆಗೆ ಕೂದಲಿಗಿಂತಲೂ ಸಪೂರವಾದ ಲೋಮನಾಳಗಳಾಗುತ್ತವೆ. ಇವುಗಳ ಗೋಡೆ ಬಹು ತೆಳುವು. ಒತ್ತಡಕ್ಕೆ ಸಿಕ್ಕಿದ ರಕ್ತದ ನೀರು, ಅದರಲ್ಲಿ ಕರಗಿದ ಲವಣಗಳು ಮತ್ತು ಸ್ವಲ್ಪ ಪ್ರೋಟೀನು ಈ ಗೋಡೆಯ ಮೂಲಕ ಒಸರಿ ಹೊರಗಿನ ಜೀವಕೋಶಗಳ ನಡುವೆ ಸೇರುತ್ತವೆ. ಜೀವಕೋಶಗಳಿಗೆ ಆಹಾರ ದೊರೆಯುವುದು ಈ ಒಸರಿನಿಂದಲೇ. ಆದರೆ ಒಸರಿದುದೆಲ್ಲವೂ ರಕ್ತನಾಳಕ್ಕೆ ನೇರವಾಗಿ ಹಿಂದಿರುಗುವುದಿಲ್ಲ. ಹಾಗೆ ಹೊರಗೆ ಉಳಿಯುವ ದ್ರವವು ದಿನವೊಂದಕ್ಕೆ ಹಲವು ಲೀಟರುಗಳಷ್ಟಾಗುತ್ತದೆ. ವಯಸ್ಕನ ಶರೀರದಲ್ಲಿರುವ ರಕ್ತ ಸುಮಾರು ೫ ಲೀಟರು. ಅದರಲ್ಲಿ ದ್ರವಭಾಗ ಸುಮಾರು ೩ ಲೀಟರು. ಸೋರಿದುದು ಮರಳಿ ಬರದಿದ್ದರೆ ಒಂದೆರಡು ದಿನಗಳಲ್ಲಿಯೇ ರಕ್ತ ಬತ್ತಿ ಮೈಯೆಲ್ಲ ಊದಿಕೊಂಡೀತು!

ಹೀಗಾಗದಂತೆ ಶರೀರದಲ್ಲಿ ಮತ್ತೊಂದು ನಾಳವ್ಯೂಹವಿದೆ. ಅದೇ ದುಗ್ಧರಸ ನಾಳಗಳ ವ್ಯೂಹ. ಇಂಗ್ಲಿಷಿನವರು ಲಿಂಫ್ ಎಂದು ಕರೆಯುವ ದ್ರವವೇ ಈ ದುಗ್ಧರಸ. ದುಗ್ಧವೆಂದರೆ ಹಾಲು. ನಿಜವಾಗಿ ಕೈಕಾಲುಗಳಿಂದ ಬರುವ ಈ ರಸವು ತಿಳಿಯಾಗಿ ಎಳೆಹಳದಿಯಾಗಿರುತ್ತದೆ. ಜಿಡ್ಡಿನ ಊಟವಾದ ಬಳಿಕ ಕರುಳಿನಿಂದ ಹೊರಡುವ ರಸ ಮಾತ್ರ ಕೊಬ್ಬಿನ ಕಣಗಳಿಂದ ಹಾಲಿನಂತೆ ಬೆಳ್ಳಗಿರುತ್ತದೆ. ೧೬೨೨ರಲ್ಲಿ ಇಟಲಿಯ ಗಾಸ್ಪರೆ ಅಸೆಲ್ಲಿ ಎಂಬ ವೈದ್ಯನು ಆಗತಾನೆ ತಿಂದಿದ್ದ ನಾಯಿಯೊಂದರ ಹೊಟ್ಟೆಯಲ್ಲಿ ಕಂಡುದು ಈ ಬಿಳಿಯ ನಾಳಗಳನ್ನೇ. ಶರೀರದ ಇತರ ಭಾಗಗಳಲ್ಲಿಯೂ ಇಂತಹ ನಾಳಗಳಿವೆಯೆಂಬುದನ್ನು ೧೬೫೦ರ ದಶಕದಲ್ಲಿ ಸ್ವೀಡನ್ನಿನ ರುಡ್‌ಬೆಕ್ ಮತ್ತು ಡೆನ್ಮಾರ್ಕಿನ ಬಾರ್ಥೊಲಿನ್ ತೋರಿಸಿಕೊಟ್ಟರು.

ರಕ್ತಕ್ಕೆ ಹೃದಯವಿರುವಂತೆ ಈ ರಸಕ್ಕೆ ಪ್ರತ್ಯೇಕವಾದ ಹೃದಯವಿಲ್ಲ. ನಾಳಗಳ ಉದ್ದಕ್ಕೂ ಒಂದೇ ಕಡೆಗೆ ತೆರೆಯುವ ಸಣ್ಣ ಸಣ್ಣ ಕವಾಟಗಳಿವೆ. ನಾಳದ ಗೋಡೆಯು ತಾನಾಗಿ ಆಗಾಗ ಹಿಂಡಿಕೊಳ್ಳುತ್ತದೆ. ನಾವು ಕೈ ಆಡಿಸಿದಾಗ, ಉಸಿರಾಡಿದಾಗ ಸುತ್ತಲಿನ ಸ್ನಾಯುಗಳೂ ಅದನ್ನು ಒತ್ತುತ್ತವೆ. ಒತ್ತಿದ ರಸವು ಹಿಂದಕ್ಕೆ ಹೋಗದಂತೆ ಕವಾಟಗಳು ತಡೆಯುವುದರಿಂದ ಅದು ಮುಂದಕ್ಕೇ ಸಾಗಿ, ಕೊನೆಗೆ ಕತ್ತಿನ ಬುಡದಲ್ಲಿರುವ ಅಭಿಧಮನಿಗಳನ್ನು ಕೂಡಿಕೊಳ್ಳುತ್ತದೆ. ಈ ನಾಳಗಳು ಕೆಟ್ಟರೆ ಏನಾಗುವುದೆಂಬುದಕ್ಕೆ ಉದಾಹರಣೆ ಬೇಕಾದವರು ಆನೆಕಾಲು ರೋಗವನ್ನು ನೆನೆಯಬಹುದು. ಸೊಳ್ಳೆಯಿಂದ ಬಂದ ಸೂಕ್ಷ್ಮವಾದ ಹುಳುಗಳು ದುಗ್ಧನಾಳಗಳಲ್ಲಿ ಬೀಡುಬಿಟ್ಟು ಅವನ್ನು ಹಾಳುಮಾಡುವುದರಿಂದಲೇ ಕಾಲು ಹಾಗೆ ಬಾಯುತ್ತದೆ.

ದಾರಿಯಲ್ಲಿನ ಕೆರೆಗಳು

ಸೋರಿದ ನೀರನ್ನು ಹಿಂದಕ್ಕೆ ತರುವುದಷ್ಟೇ ಈ ವ್ಯೂಹದ ಕೆಲಸವಾಗಿದ್ದಿದ್ದರೆ ಗಂಟುಗಳ ಪ್ರಶ್ನೆಯೇ ಏಳುತ್ತಿರಲಿಲ್ಲ. ಆದರೆ ಚರ್ಮದಲ್ಲಿ ಗಾಯವಾದಾಗ ಒಳಹೊಕ್ಕ ರೋಗಾಣುಗಳೂ ಸತ್ತ ಕೋಶಗಳ ಚೂರುಗಳೂ ಈ ರಸದಲ್ಲಿಯೇ ತೇಲಿಬರುತ್ತವೆ. ಅವನ್ನು ಹಾಗೆಯೇ ರಕ್ತಕ್ಕೆ ಬಿಡುವುದು ಅಪಾಯ. ಆದುದರಿಂದ ದಾರಿಯ ಉದ್ದಕ್ಕೂ ಶೋಧಕಗಳಿವೆ. ಇವೇ ದುಗ್ಧಗ್ರಂಥಿಗಳು. ಶರೀರದಲ್ಲಿ ಇಂತಹ ಗ್ರಂಥಿಗಳು ೫೦೦ರಿಂದ ೮೦೦ರವರೆಗೆ ಇವೆ. ಪ್ರತಿಯೊಂದು ಕಂಕುಳಿನ ಕೊಬ್ಬಿನಲ್ಲಿಯೂ ೨೦-೩೦ ಗ್ರಂಥಿಗಳು ಹುದುಗಿವೆ. ಆರೋಗ್ಯವಂತನಲ್ಲಿ ಇವು ಹುರುಳಿಯಿಂದ ಅವರೆಕಾಳಿನವರೆಗಿನ ಗಾತ್ರದವಾಗಿದ್ದು, ಸಾಮಾನ್ಯವಾಗಿ ೧ ಸೆಂಟಿಮೀಟರನ್ನು ಮೀರುವುದಿಲ್ಲ. ಮೆತ್ತಗಿರುವುದರಿಂದ ಬೆರಳಿಗೆ ತಿಳಿಯುವುದೂ ಅಪರೂಪ.

ಮೈಸೂರಿನ ಸೀಮೆಯಲ್ಲಿ ಒಂದರ ಕೋಡಿ ಮತ್ತೊಂದಕ್ಕೆ ಹರಿಯುವಂತೆ ಸಾಲಾಗಿ ಕಟ್ಟಿದ ಕೆರೆಗಳನ್ನು ಓದುಗರು ನೋಡಿರಬಹುದು. ಹಳ್ಳದಲ್ಲಿ ರಭಸದಿಂದ ಬಂದ ಕೆಸರುನೀರು ಕೆರೆಯನ್ನು ಹೊಕ್ಕೊಡನೆ ಅಗಲವಾಗಿ ಹರಡಿ ನಿಧಾನವಾಗುತ್ತದೆ, ಹೂಳು ತಳಕ್ಕಿಳಿಯುತ್ತದೆ, ಕೋಡಿಯಲ್ಲಿ ತಿಳಿನೀರು ಹೊರಡುತ್ತದೆ. ಹರಿವಿನ ಅಡ್ಡಕೊಯ್ತ ಹೆಚ್ಚಿದರೆ ವೇಗ ತಗ್ಗುತ್ತದೆಯೆಂಬ ನಿಯಮವೇ ಇಲ್ಲಿ ಕೆಲಸ ಮಾಡುವುದು. ದುಗ್ಧಗ್ರಂಥಿಯ ರಚನೆಯೂ ಇದೇ ಬಗೆಯದು. ಹಲವು ನಾಳಗಳು ಅದರ ಹೊರಮೈಯಲ್ಲಿ ಒಳಹೊಗುತ್ತವೆ. ಒಂದೆರಡು ಮಾತ್ರ ಇನ್ನೊಂದು ಕಡೆಯಿಂದ ಹೊರಬೀಳುತ್ತವೆ. ನಡುವಿನ ಜಾಲರಿಯಂತಹ ಪೊಳ್ಳುಗಳಲ್ಲಿ ರಸವು ನಿಧಾನವಾಗಿ ತೆವಳುವಾಗ ಅಲ್ಲಿ ಕಾದಿರುವ ಭಕ್ಷಕಕೋಶಗಳು ರೋಗಾಣುಗಳನ್ನು ಹಿಡಿದು ನುಂಗುತ್ತವೆ.

ಕೆರೆಗೂ ಗ್ರಂಥಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಕೆರೆಯ ಹೂಳು ಅಲ್ಲಿಯೇ ಬಿದ್ದಿರುತ್ತದೆ. ಗ್ರಂಥಿಯಾದರೋ ತನಗೆ ಸಿಕ್ಕಿದ ರೋಗಾಣುವನ್ನು ಗುರುತಿಸಿ ಅದರ ಮೇಲೆ ಯುದ್ಧಸಿದ್ಧತೆಯನ್ನೇ ನಡೆಸುತ್ತದೆ. ಲಿಂಫೊಸೈಟುಗಳೆಂಬ ಬಿಳಿಯ ರಕ್ತಕಣಗಳು ರಕ್ತದಿಂದ ಗ್ರಂಥಿಗೆ ಬಂದು, ಅಲ್ಲಿ ತಂಗಿ, ದುಗ್ಧರಸದ ಮೂಲಕ ಮತ್ತೆ ರಕ್ತವನ್ನು ಸೇರುತ್ತ ಸದಾ ಸುತ್ತುತ್ತಿರುತ್ತವೆ. ಆಕ್ಸ್‌ಫರ್ಡಿನ ಜೇಮ್ಸ್ ಗೋವನ್ಸ್ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ೧೯೫೯ರಲ್ಲಿ ಈ ಸುತ್ತಾಟವನ್ನು ಪ್ರಕಟಪಡಿಸಿದನು. ಪ್ರತಿಯೊಂದು ಲಿಂಫೊಸೈಟಿಗೂ ಯಾವುದಾದರೊಂದು ಬಗೆಯ ಶತ್ರುವನ್ನು ಮಾತ್ರ ಗುರುತಿಸುವ ಶಕ್ತಿಯಿರುತ್ತದೆ. ಹೀಗಿರುವುದರಿಂದ ಬಂದ ರೋಗಾಣುವಿಗೆ ತಕ್ಕ ಕೋಶಗಳು ಮೊದಲಿಗೆ ಕೆಲವೇ ಇರುತ್ತವೆ. ಅವು ತಮ್ಮ ಶತ್ರುವನ್ನು ಕಂಡೊಡನೆ ಇಬ್ಭಾಗವಾಗಿ ವೃದ್ಧಿಯಾಗತೊಡಗುತ್ತವೆ.

ಗಂಟು ಊದುವುದೇಕೆ?

ಒಂದು ಕೋಶವು ೧೨ ಗಂಟೆಗೊಮ್ಮೆ ಎರಡಾಗುತ್ತದೆಂದು ಇಟ್ಟುಕೊಳ್ಳೋಣ. ೫ ದಿನಗಳಲ್ಲಿ ೧೦ ಸಲ ಇಮ್ಮಡಿಯಾಗಿ ಒಂದು ಕೋಶವು ೧,೦೨೪ ಆಗುತ್ತದೆ. ಚದುರಂಗದ ಮನೆಗಳಲ್ಲಿ ಅಕ್ಕಿಯ ಕಾಳನ್ನು ಇಮ್ಮಡಿಸುತ್ತ ಹೋದ ಕಥೆ ಇಲ್ಲಿಗೂ ಸಲ್ಲುತ್ತದೆ. ಇದರ ಜೊತೆಗೆ ಗ್ರಂಥಿಗೆ ಬರುವ ರಕ್ತ ಹೆಚ್ಚುತ್ತದೆ. ಒಳಬಂದ ಲಿಂಫೊಸೈಟುಗಳು ಸ್ವಲ್ಪ ಕಾಲ ಹೊರಗೆ ಹೋಗದಂತೆ ಬಾಗಿಲು ಮುಚ್ಚಿದಂತಾಗುತ್ತದೆ. ಒಳಬರುವವರು ಹೆಚ್ಚಾಗಿ, ಹೊರಹೋಗುವವರು ಕಡಿಮೆಯಾದರೆ ಮನೆ ತುಂಬಲೇಬೇಕಷ್ಟೆ. ಗ್ರಂಥಿಯು ಬೇಗಬೇಗನೆ ಹಿಗ್ಗಿದಾಗ ಅದರ ಹೊರಗಿನ ಪೊರೆಯು ಬಿಗಿದು ನೋಯುತ್ತದೆ. ಆದುದರಿಂದ ಮುಟ್ಟಿದರೆ ನೋಯುವ, ಕೆಲವೇ ದಿನಗಳಲ್ಲಿ ಎದ್ದ ಗಂಟು ಬಹುಮಟ್ಟಿಗೆ ಸೋಂಕಿನೊಡನೆ ಹೋರಾಡುತ್ತಿರುವ ಗ್ರಂಥಿಯೆಂದು ತಿಳಿಯಬಹುದು. ಹೋರಾಟ ಮುಗಿದ ಮೇಲೆ ಹೆಚ್ಚಾಗಿದ್ದ ಕೋಶಗಳಲ್ಲಿ ಬಹುಪಾಲು ನಶಿಸಿ, ಎರಡು ಮೂರು ವಾರಗಳಲ್ಲಿ ಗಂಟು ಇಳಿಯುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. ಗುಂಡಗಿರುವ ವಸ್ತುವಿನ ಅಡ್ಡಳತೆ ಇಮ್ಮಡಿಯಾದರೆ ಅದರ ಘನಗಾತ್ರ ಎಂಟು ಮಡಿಯಾಗುತ್ತದೆ. ೧ ಸೆಂಟಿಮೀಟರಿದ್ದ ಗಂಟು ೨ ಸೆಂಟಿಮೀಟರಾಯಿತೆಂದರೆ ಬೆರಳಿಗೆ ಅಷ್ಟೇನೂ ದೊಡ್ಡ ಬದಲಾವಣೆಯೆನಿಸದಿದ್ದರೂ ಒಳಗಿನ ಪದಾರ್ಥ ಎಂಟರಷ್ಟಾಗಿದೆ. ಗಂಟಿನ ಅಳತೆಯನ್ನು ವೈದ್ಯರು ಬರೆದಿಟ್ಟುಕೊಂಡು ಕೆಲವು ವಾರಗಳ ಮೇಲೆ ಮತ್ತೆ ಅಳೆಯುವುದು ಇದಕ್ಕಾಗಿಯೇ.

ಗಂಟಿನ ವಿಳಾಸ

ಪ್ರತಿಯೊಂದು ಗ್ರಂಥಿಸಮೂಹಕ್ಕೂ ತನ್ನದೇ ಆದ ಜಲಾನಯನ ಪ್ರದೇಶವಿದೆ. ಕಂಕುಳಿಗೆ ರಸ ಬರುವುದು ಆ ಪಾರ್ಶ್ವದ ಬೆರಳು, ಅಂಗೈ, ತೋಳು, ಸ್ತನ, ಎದೆಯ ಹೊರಗೋಡೆ, ಬೆನ್ನಿನ ಮೇಲ್ಭಾಗ, ಹೊಕ್ಕುಳಿಗಿಂತ ಮೇಲಿನ ಹೊಟ್ಟೆಯ ಚರ್ಮ ಇವುಗಳಿಂದ. ಕಾಲಿನ ರಸ ತೊಡೆಸಂದಿನ ಗ್ರಂಥಿಗಳಿಗೂ ಬಾಯಿ, ಗಂಟಲುಗಳ ರಸ ಕತ್ತಿನ ಗ್ರಂಥಿಗಳಿಗೂ ಹೋಗುತ್ತದೆ. ಆದುದರಿಂದ ಗಂಟು ಎದ್ದ ಸ್ಥಳವೇ, ಕಾರಣವನ್ನು ಎಲ್ಲಿ ಹುಡುಕಬೇಕೆಂಬುದಕ್ಕೆ ವಿಳಾಸವಾಗುತ್ತದೆ.

ಈ ವಿಳಾಸವನ್ನು ಓದಲು ಕಲಿತುದರಿಂದ ಆದ ಉಪಕಾರ ಸಾಮಾನ್ಯವಲ್ಲ. ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ೧೮೯೮ರಲ್ಲಿ ಬೆಂಗಳೂರನ್ನೂ ಹೊಕ್ಕಿತು. ಜನರು ಮನೆಮಾರುಗಳನ್ನು ಬಿಟ್ಟು ಊರ ಹೊರಗೆ ಗುಡಿಸಲುಗಳಲ್ಲಿ ವಾಸಮಾಡಿದ ಆ ಕಾಲದ ಸುದ್ದಿಯನ್ನು ನಮ್ಮ ಹಿರಿಯರ ಬಾಯಿಂದ ಅನೇಕರು ಕೇಳಿದ್ದಾರೆ. ತೊಡೆಸಂದಿನಲ್ಲಿಯೋ ಕಂಕುಳಿನಲ್ಲಿಯೋ ಏಳುವ ಗಡ್ಡೆಯೇ ಆ ರೋಗದ ಭಯಂಕರವಾದ ಗುರುತು. ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಸತ್ತವರ ಗಡ್ಡೆಗಳಿಂದಲೇ ದ್ರವವನ್ನು ತೆಗೆದು ಪ್ಲೇಗಿನ ರೋಗಾಣುವನ್ನು ಕಂಡುಹಿಡಿದಿದ್ದನು. ಆದರೆ ಅದು ಮನುಷ್ಯನನ್ನು ಹೊಗುವುದು ಹೇಗೆಂಬುದು ತಿಳಿದಿರಲಿಲ್ಲ. ಭಾರತಕ್ಕೆ ಬಂದಿದ್ದ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ರೋಗಿಗಳನ್ನು ಪರೀಕ್ಷಿಸುವಾಗ, ಕೆಲವರ ಚರ್ಮದ ಮೇಲೆ ಒಂದು ಸಣ್ಣ ಬೊಕ್ಕೆಯಿರುವುದನ್ನೂ ಆ ಬೊಕ್ಕೆಯಿರುವ ಭಾಗದ ರಸ ಹರಿಯುವ ಕಡೆಯೇ ಗಡ್ಡೆ ಏಳುವುದನ್ನೂ ಗಮನಿಸಿದನು. ಹಾಗಾದರೆ ರೋಗಾಣು ಒಳಹೊಕ್ಕ ಬಾಗಿಲು ಆ ಬೊಕ್ಕೆಯೇ ಆಗಿರಬೇಕು; ಅದು ಯಾವುದೋ ಕೀಟದ ಕಡಿತವಾಗಿರಬೇಕು. ೧೮೯೮ರಲ್ಲಿ ಕರಾಚಿಯಲ್ಲಿ ಅವನು ನಡೆಸಿದ ಪ್ರಯೋಗವು ಇಲಿಯಿಂದ ಇಲಿಗೆ ಪ್ಲೇಗನ್ನು ಒಯ್ಯುವುದು ಚಿಗಟವೆಂದು ತೋರಿಸಿತು. ಬಹುಜನ ವಿದ್ವಾಂಸರು ಮೊದಲಿಗೆ ಅದನ್ನು ನಂಬಲಿಲ್ಲವಾದರೂ ಮುಂದೆ ಅದೇ ನಿಜವೆಂದು ಸ್ಥಿರಪಟ್ಟಿತು. ಚಿಗಟಗಳು ಹೆಚ್ಚಾಗಿ ಕಾಲನ್ನು ಕಚ್ಚುವುದರಿಂದ ಗಡ್ಡೆಯು ತೊಡೆಸಂದಿನಲ್ಲಿ ಹೆಚ್ಚಾಗಿಯೂ ಕಂಕುಳಿನಲ್ಲಿ ಅದಕ್ಕಿಂತ ಕಡಿಮೆಯಾಗಿಯೂ ಏಳುತ್ತಿದ್ದಿತು.

ದಿನನಿತ್ಯದ ಕಾರಣಗಳು

ಇಂದು ನಮ್ಮ ಕಂಕುಳಿನಲ್ಲಿ ಏಳುವ ಗಂಟಿಗೆ ಪ್ಲೇಗಿನಷ್ಟು ದೊಡ್ಡ ಕಾರಣವಿರುವುದು ಅತ್ಯಂತ ವಿರಳ. ಉಗುರುಸುತ್ತು, ಕೈಗೆ ಚುಚ್ಚಿಕೊಂಡ ಮುಳ್ಳು, ಕೀವಾದ ಗಾಯ, ತೋಳಿನ ಮೇಲಿನ ಕುರು, ಕಂಕುಳಿನ ಕೂದಲನ್ನು ಕ್ಷೌರಮಾಡುವಾಗ ಆದ ಗೀರು, ಬೆಕ್ಕಿನ ಪರಚು ಇವೇ ಸಾಮಾನ್ಯವಾದ ಕಾರಣಗಳು. ಲಸಿಕೆಯಿಂದಲೂ ಗ್ರಂಥಿ ಊದಬಹುದು. ನಮ್ಮ ದೇಶದಲ್ಲಿ ಶಿಶುಗಳಿಗೆ ಕ್ಷಯದ ವಿರುದ್ಧ ಬಿ.ಸಿ.ಜಿ. ಲಸಿಕೆಯನ್ನು ಎಡತೋಳಿನಲ್ಲಿ ಚುಚ್ಚುತ್ತಾರೆ. ಕೆಲವು ಮಕ್ಕಳಿಗೆ ಅನಂತರ ಎಡಗಂಕುಳಿನಲ್ಲಿಯೇ ಗಂಟು ಕಾಣುವುದುಂಟು. ೨೦೨೧ರಲ್ಲಿ ಕೋವಿಡ್ ಲಸಿಕೆಗಳು ಬಂದಾಗ ಮಾಡರ್ನಾ ಲಸಿಕೆಯನ್ನು ಪಡೆದವರಲ್ಲಿ ಹತ್ತರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ, ಚುಚ್ಚಿದ ಕೈಯ ಕಂಕುಳಿನಲ್ಲಿ ನೋವು ಅಥವಾ ಊತ ಕಾಣಿಸಿತು. ಇದು ಲಸಿಕೆಯಿಂದಾದ ಕೆಡುಕಲ್ಲ. ಗ್ರಂಥಿಯು ಪಾಠ ಕಲಿಯುತ್ತಿರುವುದರ ಗುರುತು.

ಕಂಕುಳಿನ ಗಂಟೆಲ್ಲವೂ ದುಗ್ಧಗ್ರಂಥಿಯೇ ಆಗಿರಬೇಕೆಂಬ ನಿಯಮವೂ ಇಲ್ಲ. ಕೂದಲಿನ ಬುಡದಲ್ಲಿ ಆದ ಕುರು, ಚರ್ಮದ ಕೆಳಗಿನ ಕೊಬ್ಬಿನ ಗಂಟು ಇವೂ ಹಾಗೆಯೇ ತೋರಬಹುದು.

ಇನ್ನು ನಿಧಾನವಾಗಿ ಬರುವ ಕಾರಣಗಳು. ಇವುಗಳಲ್ಲಿ ನಮ್ಮ ದೇಶದ ಮಟ್ಟಿಗೆ ಮುಖ್ಯವಾದುದು ಕ್ಷಯ. ಕ್ಷಯವೆಂದರೆ ಶ್ವಾಸಕೋಶದ ರೋಗವೆಂದೇ ಅನೇಕರ ಭಾವನೆ. ಅದು ಗ್ರಂಥಿಗಳಿಗೂ ತಗಲುತ್ತದೆ. ಹಳಬರು ಗಂಡಮಾಲೆಯೆಂದು ಕರೆಯುತ್ತಿದ್ದ ಕತ್ತಿನ ಗಂಟುಗಳು ಬಹುತೇಕ ಇವೇ. ಕತ್ತಿನಷ್ಟು ಹೆಚ್ಚಾಗಿ ಅಲ್ಲದಿದ್ದರೂ ಕಂಕುಳಿನಲ್ಲಿಯೂ ಇವು ಏಳುತ್ತವೆ. ಮೊದಲು ನೋವಿಲ್ಲದೆ ಬೆಳೆದು, ಒಂದಕ್ಕೊಂದು ಅಂಟಿಕೊಂಡು, ಕಡೆಗೆ ಒಡೆದು ಸೋರುವುದುಂಟು. ಈ ರೋಗಕ್ಕೆ ಔಷಧಗಳಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅವು ಉಚಿತವಾಗಿಯೇ ದೊರೆಯುತ್ತವೆ. ಸಾಮಾನ್ಯವಾಗಿ ೬ ತಿಂಗಳು, ಕೆಲವರಿಗೆ ಅದಕ್ಕಿಂತ ಹೆಚ್ಚು ಕಾಲ, ನಡುವೆ ಬಿಡದೆ ತೆಗೆದುಕೊಳ್ಳಬೇಕು.

ಉಪೇಕ್ಷಿಸಬಾರದ ಗಂಟು

ಕ್ಯಾನ್ಸರು ದುಗ್ಧಗ್ರಂಥಿಗೆ ಎರಡು ಬಗೆಯಲ್ಲಿ ಬರುತ್ತದೆ. ಒಂದು, ಲಿಂಫೊಸೈಟುಗಳೇ ಅಂಕೆ ತಪ್ಪಿ ಬೆಳೆಯುವುದು. ೧೮೩೨ರಲ್ಲಿ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ವಿವರಿಸಿದ, ಅವನ ಹೆಸರಿನಿಂದಲೇ ಪ್ರಸಿದ್ಧವಾದ ರೋಗ ಈ ಜಾತಿಯದು. ಇದು ೧೫ರಿಂದ ೩೫ ವರ್ಷದ ತರುಣರಲ್ಲಿಯೂ ಕಾಣುವುದರಿಂದ ನಮ್ಮ ಓದುಗರು ತಿಳಿದಿರಬೇಕಾದುದು. ಇಂದಿನ ಚಿಕಿತ್ಸೆಯಿಂದ ಇದಕ್ಕೆ ಸಿಕ್ಕಿದವರಲ್ಲಿ ಹೆಚ್ಚಿನವರು ಗುಣಹೊಂದುತ್ತಾರೆ. ಎರಡು, ಬೇರೆ ಅಂಗದ ಕ್ಯಾನ್ಸರಿನ ಕೋಶಗಳು ರಸದಲ್ಲಿ ತೇಲಿಬಂದು ಶೋಧಕದಲ್ಲಿ ಸಿಕ್ಕಿ ಬೆಳೆಯುವುದು. ಸ್ತನದ ರಸದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕಂಕುಳಿಗೇ ಹರಿಯುತ್ತದೆ. ಆದಕಾರಣ ಸ್ತನದ ಕ್ಯಾನ್ಸರು ಹರಡುವಾಗ ಮೊದಲು ಕಾಲಿಡುವ ಸ್ಥಳ ಸಾಮಾನ್ಯವಾಗಿ ಆ ಪಾರ್ಶ್ವದ ಕಂಕುಳು. ಇಂತಹ ಗಂಟುಗಳು ಬಹುಮಟ್ಟಿಗೆ ನಿಧಾನವಾಗಿ ಬೆಳೆಯುವುದರಿಂದ ನೋಯುವುದಿಲ್ಲ. ನೋವಿಲ್ಲವೆಂಬ ಕಾರಣದಿಂದಲೇ ಜನ ಸುಮ್ಮನಿರುತ್ತಾರೆ. ನೋಯುವ ಗಂಟಿಗೆ ಹೆದರಿ, ನೋಯದ ಗಂಟನ್ನು ಕಡೆಗಣಿಸುವ ವಾಡಿಕೆ ವಿವೇಕಕ್ಕೆ ತಲೆಕೆಳಗಾದುದು.

ಪರೀಕ್ಷೆಯಲ್ಲಿ ಭೌತವಿಜ್ಞಾನದ ನೆರವು

ವೈದ್ಯರು ಮೊದಲು ಬೆರಳಿನಿಂದ, ಆಮೇಲೆ ಬೇಕಾದರೆ ಶ್ರವಣಾತೀತ ಶಬ್ದದಿಂದ ಗಂಟನ್ನು ಪರೀಕ್ಷಿಸುತ್ತಾರೆ. ನಮ್ಮ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗಿನ ಶಬ್ದ. ಇಲ್ಲಿ ಬಳಸುವುದು ಸುಮಾರು ೧ ಕೋಟಿ ಕಂಪನಗಳದು. ಶರೀರದೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು ೧,೫೪೦ ಮೀಟರು. ವೇಗವನ್ನು ಕಂಪನಸಂಖ್ಯೆಯಿಂದ ಭಾಗಿಸಿದರೆ ತರಂಗದ ಉದ್ದ ೦.೧೫ ಮಿಲಿಮೀಟರಿನಷ್ಟೆಂದು ತಿಳಿಯುತ್ತದೆ. ಅಷ್ಟು ಚಿಕ್ಕ ಅಲೆಯಿಂದ ಗ್ರಂಥಿಯ ಒಳವಿವರಗಳನ್ನು ನೋಡಲು ಸಾಧ್ಯ. ಹುರುಳಿಯಂತೆ ಉದ್ದುದ್ದವಾಗಿದ್ದು ನಡುವೆ ಕೊಬ್ಬಿನ ತಿರುಳು ಕಂಡರೆ ಸಮಾಧಾನ. ತಿರುಳು ಮಾಯವಾಗಿ ಉಂಡೆಯಾಗಿದ್ದರೆ ಸಂದೇಹ. ಸಂದೇಹವಿದ್ದಲ್ಲಿ ಸೂಜಿಯಿಂದ ಕೆಲವು ಕೋಶಗಳನ್ನು ಹೀರಿ, ಇಲ್ಲವೆ ಗ್ರಂಥಿಯ ಚೂರನ್ನು ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂಬ ಭಯದಿಂದ ಈ ಪರೀಕ್ಷೆಯನ್ನು ಮುಂದೂಡುವುದು ಸರಿಯಲ್ಲ. ಮುಂದೂಡುವುದರಿಂದಲೇ ಹಾನಿ ಹೆಚ್ಚು.

ಹಿಂದೆ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯುವ ಪದ್ಧತಿಯಿದ್ದಿತು. ರಸದ ದಾರಿ ಕಡಿದುಹೋಗಿ ಹಲವರ ತೋಳು ಜೀವಮಾನವಿಡೀ ಬಾತುಕೊಳ್ಳುತ್ತಿದ್ದಿತು. ೧೯೯೦ರ ದಶಕದಿಂದ ಈಚೆಗೆ ಒಂದು ಜಾಣ ಉಪಾಯ ಬಳಕೆಗೆ ಬಂದಿದೆ. ಟೆಕ್ನೀಷಿಯಮ್ ಎಂಬ ವಿಕಿರಣಶೀಲ ಧಾತುವನ್ನು ಸ್ವಲ್ಪಮಾತ್ರ ಸ್ತನದಲ್ಲಿ ಚುಚ್ಚುತ್ತಾರೆ. ಅದು ರಸದೊಡನೆ ಹರಿದು ಮೊತ್ತಮೊದಲು ಯಾವ ಗ್ರಂಥಿಯನ್ನು ತಲುಪುವುದೋ ಅಲ್ಲಿ ತಂಗುತ್ತದೆ. ಗಾಮಾ ಕಿರಣಗಳನ್ನು ಅರಿಯುವ ಉಪಕರಣದಿಂದ ಆ ಗ್ರಂಥಿಯನ್ನು ಪತ್ತೆಮಾಡಿ, ಅದೊಂದನ್ನು, ಅಥವಾ ಅದರಂತಹ ಎರಡು ಮೂರನ್ನು, ತೆಗೆದು ಪರೀಕ್ಷಿಸುತ್ತಾರೆ. ಮೊದಲನೆಯ ಕೆರೆಯಲ್ಲಿ ಹೂಳಿಲ್ಲದಿದ್ದರೆ ಮುಂದಿನವುಗಳಲ್ಲಿ ಇರುವ ಸಂಭವ ಬಹು ಕಡಿಮೆ. ಆದ್ದರಿಂದ ಉಳಿದ ಗ್ರಂಥಿಗಳನ್ನು ಮುಟ್ಟದೆ ಬಿಡುತ್ತಾರೆ. ಈ ಟೆಕ್ನೀಷಿಯಮ್ಮಿನ ಅರ್ಧಾಯುಷ್ಯ ೬ ಗಂಟೆ. ಒಂದು ದಿನ ಕಳೆಯುವಷ್ಟರಲ್ಲಿ ಅದರ ಹದಿನಾರರಲ್ಲೊಂದು ಪಾಲು ಮಾತ್ರ ಉಳಿದಿರುತ್ತದೆ.

ನಾವು ಮಾಡಬೇಕಾದುದೇನು?

ಕಂಕುಳಿನಲ್ಲಿ ಗಂಟು ಕಂಡರೆ ಮೊದಲು ಅದೇ ಪಾರ್ಶ್ವದ ಕೈ, ತೋಳು, ಎದೆ, ಬೆನ್ನುಗಳನ್ನು ನೋಡಿಕೊಳ್ಳಬೇಕು. ಗಾಯವಾಗಿದೆಯೆ? ಲಸಿಕೆ ಹಾಕಿಸಿ ಎಷ್ಟು ದಿನವಾಯಿತು? ಗಂಟನ್ನು ಹಿಸುಕಬಾರದು. ಮನೆಯಲ್ಲಿ ಉಳಿದ ಯಾವುದೋ ಆ್ಯಂಟಿಬಯಾಟಿಕ್ ಮಾತ್ರೆಯನ್ನು ನುಂಗಬಾರದು. ಬರೆ ಹಾಕಿಸುವುದು, ಸುಡುವ ಲೇಪ ಹಚ್ಚುವುದು ಇವುಗಳಿಂದ ಗಾಯ ಹೆಚ್ಚಾಗುವುದಲ್ಲದೆ ರೋಗದ ಗುರುತೂ ಮರೆಯಾಗುತ್ತದೆ. ಗಂಟನ್ನು ಮೊದಲು ಕಂಡ ದಿನವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು; ವೈದ್ಯರು ಕೇಳುವ ಮೊದಲನೆಯ ಪ್ರಶ್ನೆಯೇ ಅದು.

ಗಂಟು ಕೆಂಪೇರಿ ಬಿಸಿಯಾಗಿ ಜ್ವರ ಬಂದರೆ, ಅಥವಾ ಗಾಯದಿಂದ ತೋಳಿನ ಮೇಲೆ ಕೆಂಪು ಗೆರೆ ಏರತೊಡಗಿದರೆ, ಅಂದೇ ವೈದ್ಯರನ್ನು ಕಾಣಬೇಕು. ಮೂರು ನಾಲ್ಕು ವಾರಗಳಾದರೂ ಇಳಿಯದ, ದಿನದಿನಕ್ಕೆ ಬೆಳೆಯುವ, ಕಲ್ಲಿನಂತೆ ಗಟ್ಟಿಯಾದ, ಬೆರಳಿಗೆ ಜರುಗದೆ ಅಂಟಿಕೊಂಡಿರುವ ಗಂಟನ್ನು ನೋವಿಲ್ಲದಿದ್ದರೂ ತೋರಿಸಲೇಬೇಕು. ಕಾರಣವಿಲ್ಲದೆ ಮೈ ಇಳಿಯುವುದು, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರುವುದು, ಬಿಡದ ಜ್ವರ, ಕತ್ತಿನಲ್ಲಿಯೂ ತೊಡೆಸಂದಿನಲ್ಲಿಯೂ ಗಂಟುಗಳೇಳುವುದು, ಸ್ತನದಲ್ಲಿ ಗಂಟು ಅಥವಾ ಚರ್ಮದ ಬದಲಾವಣೆ ಕಾಣುವುದು ಇವು ಜೊತೆಗಿದ್ದರಂತೂ ನಾಲ್ಕು ವಾರ ಕಾಯಬೇಕಾಗಿಲ್ಲ.

ನಮ್ಮ ತರುಣ ಓದುಗರಲ್ಲಿ ಇನ್ನೊಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಇದನ್ನು ಓದಿದವರು ತಮ್ಮ ಮನೆಯ ತಾಯಂದಿರು, ಅಕ್ಕಂದಿರು, ಅಜ್ಜಿಯರು ಇವರೊಡನೆ ಒಮ್ಮೆ ಈ ವಿಷಯವನ್ನು ಮಾತನಾಡಲಿ. ಕೈಗೆ ಮುಳ್ಳು ಚುಚ್ಚಿತೆಂದು ಹೇಳಲು ನಾಚದ ನಾವು, ಕಂಕುಳಲ್ಲಿ ಗಂಟಿದೆಯೆಂದು ಹೇಳಲು ನಾಚಬೇಕಾದ ಕಾರಣವಿಲ್ಲ. ಮನೆಯಲ್ಲಿ ಒಬ್ಬರು ಬಾಯಿಬಿಟ್ಟು ಕೇಳಿದರೆ, ತಿಂಗಳುಗಳಿಂದ ಮುಚ್ಚಿಟ್ಟುಕೊಂಡ ಇನ್ನೊಬ್ಬರು ಹೇಳುವಂತಾಗಬಹುದು.